ಬೇರೆ ಕಡೆ

ನಮ್ಮ ಡಯಾಲಿಸಿಸ್ ಘಟಕದ ಗೋಡೆಯ ಮೇಲೆ ಒಂದು ಬಿಳಿ ಬೋರ್ಡ್ ಇದೆ. ಹತ್ತು ಕುರ್ಚಿ, ಹತ್ತು ಮಿಷನ್, ದಿನಕ್ಕೆ ಮೂರು ಪಾಳಿ. ಯಾವ ಕುರ್ಚಿಯಲ್ಲಿ ಯಾವ ಪಾಳಿಗೆ ಯಾರು ಎಂಬುದೆಲ್ಲ ಅದರ ಮೇಲೆ ನೀಲಿ ಶಾಯಿಯಲ್ಲಿರುತ್ತದೆ. ಯಾರಾದರೂ ಬಾರದಿದ್ದರೆ ಹೆಸರಿನ ಪಕ್ಕ ನಾವು ಬರೆಯುವುದು ಎರಡೇ ಮಾತು. ಸುಳಿವಿಲ್ಲದೆ ತಪ್ಪಿಸಿಕೊಂಡಿದ್ದರೆ ‘ಬಂದಿಲ್ಲ’. ಇನ್ನೊಂದು ಆಸ್ಪತ್ರೆಗೆ ಸೇರಿದ್ದರೆ ‘ಬೇರೆ ಕಡೆ’. ಬೇರೆ ಕಡೆ ಇರುವವರ ಜಾಗವನ್ನು ಎರಡು ವಾರ ಯಾರಿಗೂ ಕೊಡುವಂತಿಲ್ಲ. ಇನ್ನು ಮೂರನೆಯ ಸಂಗತಿಗೆ ನಮ್ಮಲ್ಲಿ ಮಾತಿಲ್ಲ. ಹೆಸರನ್ನು ಒರೆಸುತ್ತೇವೆ, ಅಷ್ಟೆ.

ಒರೆಸುವುದಕ್ಕೂ ಒಂದು ನಿಯಮವಿದೆ. ಸುದ್ದಿಯ ಫೋನ್ ಯಾರು ಎತ್ತಿದರೋ ಅವರೇ ಒರೆಸಬೇಕು. ಒರೆಸಿದ ಕೈಯಲ್ಲೇ ಕಾಯುವ ಪಟ್ಟಿಯ ಮೊದಲ ಹೆಸರಿಗೆ ಫೋನ್ ಮಾಡಿ, ಜಾಗ ಆಗಿದೆ ಬನ್ನಿ ಎನ್ನಬೇಕು. ಈ ನಿಯಮ ಮಾಡಿದವರು ನಮ್ಮ ಹಿರಿಯ ನರ್ಸ್. ಅವರನ್ನು ಡಾಕ್ಟರುಗಳೂ ಸೇರಿ ಎಲ್ಲರೂ ದೊಡ್ಡಕ್ಕ ಎನ್ನುತ್ತಾರೆ. ಹೊಸದಾಗಿ ಸೇರಿದವರಿಗೆ ಅವರು ಹೇಳುವ ಮೊದಲ ಪಾಠವೇ ಇದು. "ನಾಳೆ ಮಾಡ್ತೀನಿ ಅಂದ್ರೆ ಯಾರೂ ಮಾಡಲ್ಲ ಕಣ್ರೇ. ಅಳೋದಿದ್ರೆ ಫೋನ್ ಮಾಡಿ ಆದ್ಮೇಲೆ ಸ್ಟೋರ್ ರೂಮಿಗೆ ಹೋಗಿ ಅಳಿ. ಐದು ನಿಮಿಷ. ಆದ್ರೆ ಒಗೆದಿಟ್ಟ ಬೆಡ್‌ಶೀಟ್‌ಗೆ ಮೂಗು ಒರೆಸಿದ್ರೆ ನಾನು ಸುಮ್ನಿರಲ್ಲ."

ಹನ್ನೊಂದು ವರ್ಷಗಳಲ್ಲಿ ನಾನು ಎಷ್ಟು ಹೆಸರು ಒರೆಸಿದೆ ಎಂದು ಎಣಿಸಿಲ್ಲ. ಒರೆಸಿದ್ದೇನೆ, ಫೋನ್ ಮಾಡಿದ್ದೇನೆ, ಸ್ಟೋರ್ ರೂಮಿಗೂ ಹೋಗಿದ್ದೇನೆ. ಆಮೇಲೆ ಮನೆಗೆ ಹೋಗಿ ಮಗಳ ಊಟದ ಡಬ್ಬಿ ತೊಳೆದಿದ್ದೇನೆ. ಆ ಬುಧವಾರ ಮಾತ್ರ ಕೈ ಮೇಲೇಳಲಿಲ್ಲ.

ಮಂಗಳವಾರ, ಗುರುವಾರ, ಶನಿವಾರ ಬೆಳಗಿನ ಪಾಳಿಯಲ್ಲಿ ಆರನೇ ಕುರ್ಚಿ ಒಬ್ಬ ದರ್ಜಿಯದು. ಬೆನ್ನ ಹಿಂದೆ ನಾವು ಅವರನ್ನು ‘ಮೂರು ಕಿಲೋ’ ಎನ್ನುತ್ತಿದ್ದೆವು. ಮುಖದ ಮುಂದೆಯೂ ಅನ್ನುತ್ತಿದ್ದೆವು. ಕಿಡ್ನಿ ಕೈಬಿಟ್ಟವರಿಗೆ ಕುಡಿದ ನೀರು ಹೊರಗೆ ಹೋಗಲು ದಾರಿಯಿಲ್ಲ, ಮೈಯಲ್ಲೇ ನಿಲ್ಲುತ್ತದೆ. ಒಂದು ಸರದಿಯಿಂದ ಇನ್ನೊಂದಕ್ಕೆ ಒಂದೂವರೆ ಕಿಲೋ ಏರಿದರೆ ಸರಿ, ಎರಡು ದಾಟಿದರೆ ನಮ್ಮಿಂದ ಬೈಗುಳ. ಇವರು ಆರು ವರ್ಷ ಒಂದು ದಿನವೂ ತಪ್ಪದೆ ಮೂರು ಕಿಲೋ ಹೊತ್ತುಕೊಂಡು ಬಂದ ಪುಣ್ಯಾತ್ಮ.

"ಏನಿದು?" ಎಂದು ನಾನು ತೂಕದ ಮಿಷನ್ ತೋರಿಸಿ ಕೇಳುವುದು.

"ಬಟ್ಟೆ ಭಾರ, ತಂಗಿ. ಚಳಿ ಅಂತ ಒಳಗೆ ಎರಡು ಬನಿಯನ್ ಹಾಕ್ಕೊಂಡಿದೀನಿ."

"ನಿನ್ನೆ ಎಷ್ಟು ಲೋಟ ನೀರು?"

"ಒಂದೇ."

"ನಿಜ ಹೇಳಿ."

"ಒಂದೇ ಕಣಮ್ಮಾ. ಲೋಟ ಸ್ವಲ್ಪ ದೊಡ್ಡದು."

ಎಡಗೈಯ ರಕ್ತನಾಳಕ್ಕೆ ನಾನು ಎರಡು ಸೂಜಿ ಚುಚ್ಚಿ ಮಿಷನ್‌ಗೆ ಜೋಡಿಸಿದ ಮೇಲೆ ಆ ಕೈ ನಾಲ್ಕು ಗಂಟೆ ಅಲುಗಾಡುವಂತಿಲ್ಲ. ಆಗ ಅವರು ಬಲಗೈ ಚಾಚುತ್ತಿದ್ದರು. ಮೂರನೆಯ ಸೂಜಿಗೆ ದಾರ ಪೋಣಿಸಿ ನಾನು ಆ ಕೈಗೆ ಕೊಡಬೇಕು. ಬಟ್ಟೆಯನ್ನು ಹೊದಿಕೆಗೆ ಪಿನ್ನಿನಿಂದ ಸಿಕ್ಕಿಸಿ, ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದುಕೊಂಡು, ಒಂದೇ ಕೈಯಲ್ಲಿ ಹೊಲಿಗೆ ಹಾಕುತ್ತಿದ್ದರು. ನಮ್ಮ ಘಟಕದಲ್ಲಿ ಅವರು ಹೊಲಿದ ಗುಂಡಿ ಇಲ್ಲದ ಕೋಟು ಯಾವುದೂ ಇಲ್ಲ. ನನ್ನ ಮಗಳ ಶಾಲೆಯ ಲಂಗದ ಅಂಚನ್ನು ವರ್ಷಕ್ಕೊಮ್ಮೆ ಬಿಚ್ಚಿ ಉದ್ದ ಮಾಡುವುದೂ ಅವರದೇ ಕೆಲಸ. ಅವಳನ್ನು ಅವರು ಒಮ್ಮೆಯೂ ನೋಡಿಲ್ಲ. ನನ್ನ ಫೋನಿನಲ್ಲಿ ಫೋಟೋ ನೋಡಿ, "ಈ ಸಲ ಎರಡು ಬೆರಳು ಬಿಡ್ಬೇಕು," ಎನ್ನುತ್ತಿದ್ದರು. ಎರಡು ಬೆರಳು ಬಿಟ್ಟರೆ ಮೊಣಕಾಲಿಗೆ ಸರಿಯಾಗಿ ಬಂದು ನಿಲ್ಲುತ್ತಿತ್ತು. ಒಂಬತ್ತು ವರ್ಷದ ನನ್ನ ಗುಬ್ಬಿಗೆ ಅವರು ದರ್ಜಿ ಮಾಮ.

ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ. ನನ್ನ ಗಂಡ ಅಷ್ಟು ಹೊತ್ತು ನನ್ನ ಎದುರು ಕೂತದ್ದು ಮದುವೆಯ ದಿನ ಮಾತ್ರ.

ಆ ಮಂಗಳವಾರ ಅವರ ತೂಕ ನಾಲ್ಕು ಕಿಲೋ ಇನ್ನೂರು ಗ್ರಾಂ ಏರಿತ್ತು. ಗುಬ್ಬಿಗೆ ಜ್ವರ ಬಂದು ನಾನು ಎರಡು ದಿನದಿಂದ ಕಣ್ಣು ಮುಚ್ಚಿರಲಿಲ್ಲ. ಗಂಡನಿಗೆ ಊರಾಚೆ ಡ್ಯೂಟಿ. ಬೆಳಿಗ್ಗೆ ಜ್ವರದ ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬಂದಿದ್ದೆ. ಇದೆಲ್ಲ ನೆಪ ಎಂದು ನನಗೆ ಗೊತ್ತು. ಹೇಳಬೇಕಲ್ಲ ಎಂದು ಹೇಳುತ್ತಿದ್ದೇನೆ.

"ಈ ಸಲ ಬನಿಯನ್ ಮೂರು," ಎಂದು ಅವರು ನಕ್ಕರು.

ನಾನು ನಗಲಿಲ್ಲ. "ನಿಮಗೆ ಬದುಕೋಕೆ ಇಷ್ಟ ಇಲ್ಲ ಅಂದ್ರೆ ಬಾಯಿಬಿಟ್ಟು ಹೇಳಿಬಿಡಿ. ಈ ಕುರ್ಚಿಗೆ ಜನ ಕಾಯ್ತಾ ಕೂತಿದಾರೆ," ಎಂದೆ. ಮೆಲ್ಲಗೂ ಹೇಳಲಿಲ್ಲ. ಒಂಬತ್ತು ಕುರ್ಚಿಗಳಿಗೂ ಕೇಳಿಸಿತು.

ಅವರು ತೂಕದ ಮಿಷನ್ನಿನಿಂದ ಇಳಿದು, "ಸರಿ ತಂಗಿ," ಎಂದರು. ನಾಲ್ಕು ಗಂಟೆಯೂ ಕೂತರು. ದಾರ ಪೋಣಿಸಿಕೊಡು ಎಂದು ಬಲಗೈ ಚಾಚಲಿಲ್ಲ. ನಾನೂ ಕೇಳಲಿಲ್ಲ.

ಬುಧವಾರ ಬೆಳಿಗ್ಗೆ ಎಂಟೂವರೆಗೆ ಅವರ ಹೆಂಡತಿಯ ಫೋನ್ ಬಂತು. ಎತ್ತಿದ್ದು ನಾನೇ.

"ರಾತ್ರಿ ಮಲಗಿದೋರು ಏಳಲಿಲ್ಲ ಮೇಡಂ," ಎಂದರು. ದನಿಯಲ್ಲಿ ಅಳು ಇನ್ನೂ ಬಂದಿರಲಿಲ್ಲ. "ನಿನ್ನೆ ಸಂಜೆ ಅಂದಿದ್ರು, ನನಗೇನಾದ್ರೂ ಆದ್ರೆ ಮೊದಲು ಆ ತಂಗಿಗೆ ಫೋನ್ ಮಾಡು, ಕುರ್ಚಿಗೆ ಜನ ಕಾಯ್ತಿದಾರೆ ಅಂತ. ಏನೋ ತಮಾಷೆಗೆ ಅಂದ್ರು ಅಂದ್ಕೊಂಡಿದ್ದೆ. ಅದಕ್ಕೇ ಮೊದಲು ನಿಮಗೇ ಮಾಡಿದೆ. ನನ್ನ ತಮ್ಮಂಗೂ ಇನ್ನೂ ಹೇಳಿಲ್ಲ."

ನಾನು ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಅಂಥ ಹೊತ್ತಿಗೆ ಹೇಳುವ ಮಾತುಗಳು ನಮ್ಮ ಬಾಯಲ್ಲಿ ಸಿದ್ಧವಿರುತ್ತವೆ, ಅವನ್ನೇ ಹೇಳಿರಬೇಕು. ಫೋನ್ ಇಟ್ಟು ಬೋರ್ಡಿನ ಮುಂದೆ ನಿಂತೆ. ನೀರು ಹೆಚ್ಚಾಗಿ ಹೃದಯ ನಿಂತಿತೋ, ಬೇರೇನಾದರೂ ಆಯಿತೋ ಯಾರಿಗೂ ಗೊತ್ತಿರಲಿಲ್ಲ. ನನ್ನ ಮಾತಿನಿಂದ ಆಯಿತು ಎಂದು ಯಾರೂ ಹೇಳುವುದೂ ಇಲ್ಲ. ಯಾರೂ ಹೇಳದ್ದರಿಂದಲೇ ನಾನೇ ಹೇಳಿಕೊಂಡೆ. ಕುರ್ಚಿಗೆ ಜನ ಕಾಯ್ತಾ ಇದಾರೆ ಎಂದವಳು ನಾನು. ಈಗ ಒರೆಸಿ, ಬನ್ನಿ ಎಂದು ಫೋನ್ ಮಾಡಿದರೆ ಅವರನ್ನು ನಾನೇ ಎಬ್ಬಿಸಿ ಕಳಿಸಿದಂತಾಗುತ್ತದೆ.

ಒರೆಸುವ ಬಟ್ಟೆ ಕೈಯಲ್ಲೇ ಇತ್ತು. ಅದನ್ನು ಕೆಳಗಿಟ್ಟು ನೀಲಿ ಪೆನ್ನು ತೆಗೆದುಕೊಂಡು ಅವರ ಹೆಸರಿನ ಪಕ್ಕ ‘ಬೇರೆ ಕಡೆ’ ಎಂದು ಬರೆದೆ. ಇವತ್ತೊಂದು ದಿನ ಇರಲಿ, ನಾಳೆ ಒರೆಸಿದರಾಯಿತು ಎಂದುಕೊಂಡೆ.

ಹತ್ತು ಗಂಟೆಗೆ ಮತ್ತೆ ಫೋನ್. ಯಾರದೆಂದು ನೋಡಬೇಕಿರಲಿಲ್ಲ. ಕಾಯುವ ಪಟ್ಟಿಯ ಮೊದಲ ಹೆಸರು ಒಬ್ಬ ಇಪ್ಪತ್ತಮೂರರ ಹುಡುಗಿಯದು. ಅವಳ ತಾಯಿ ನಾಲ್ಕು ತಿಂಗಳಿನಿಂದ ದಿನಾ ಹತ್ತಕ್ಕೆ ಸರಿಯಾಗಿ ಫೋನ್ ಮಾಡುತ್ತಿದ್ದರು. ನಾನು ಅವರ ಮುಖ ನೋಡಿರಲಿಲ್ಲ, ದನಿ ಮಾತ್ರ ನನ್ನ ಅತ್ತೆಯ ದನಿಗಿಂತ ಚೆನ್ನಾಗಿ ಗೊತ್ತಿತ್ತು. ಹುಡುಗಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಬೇಕು. ಎರಡು ಬಸ್ಸು ಬದಲಿಸಿ ಹೋಗುವ ಇನ್ನೊಂದು ಆಸ್ಪತ್ರೆಯಲ್ಲಿ ಸೋಮವಾರ, ಗುರುವಾರ ಎರಡೇ ಸಲ ಸಿಗುತ್ತಿತ್ತು.

"ಮೇಡಂ, ನಾನೇ. ದಿನಾ ತಲೆ ತಿನ್ನೋಳು."

"ಹೇಳಿ ಅಮ್ಮಾ."

"ಏನಾದ್ರೂ ಜಾಗ ಆಯ್ತಾ?"

ಬೋರ್ಡ್ ನನ್ನ ಎದುರಿಗೇ ಇತ್ತು. "ಇಲ್ಲಮ್ಮಾ. ಆದ ತಕ್ಷಣ ನಾನೇ ಹೇಳ್ತೀನಿ."

"ಹೇಳ್ತೀರ ಅಂತ ಗೊತ್ತು. ನೋಡಿ, ಜಾಗ ಆಗ್ಲಿ ಅಂತ ಕೇಳ್ಕೊಳ್ಳೋಕೂ ಹೆದರಿಕೆ ನನಗೆ. ಹಂಗಂದ್ರೆ ಏನರ್ಥ, ಹೇಳಿ? ಯಾರಿಗೂ ಏನೂ ಆಗದೆ ಜಾಗ ಆಗ್ಲಿ ಅಂತ ಕೇಳ್ಕೊಳ್ತೀನಿ. ದೇವರಿಗೂ ತಲೆ ಕೆಟ್ಟಿರುತ್ತೆ, ಇವಳೇನು ಕೇಳ್ತಿದಾಳೆ ಅಂತ."

ಅವರು ನಕ್ಕು ಫೋನ್ ಇಟ್ಟರು. ನನ್ನ ಮೊದಲ ಸುಳ್ಳು ಅಷ್ಟು ಸಲೀಸಾಗಿ ಹೋಯಿತು.

ಗುರುವಾರ ಬೆಳಗಿನ ಪಾಳಿಗೆ ಒಂಬತ್ತು ಜನ ಬಂದು ಕೂತರು. ಆರನೇ ಕುರ್ಚಿಯ ಮಿಷನ್ ಆರಿಸಿಯೇ ಇತ್ತು. ಐದರಲ್ಲಿ ಕೂರುವವರು ರಿಟೈರಾದ ಬಸ್ ಕಂಡಕ್ಟರ್. ದರ್ಜಿಗೂ ಅವರಿಗೂ ದಿನಾ ಜಗಳ, ದಿನಾ ಸ್ನೇಹ.

"ಎಲ್ಲಿ ನಮ್ಮ ಮೂರು ಕಿಲೋ?" ಎಂದರು.

"ಅಡ್ಮಿಟ್ ಆಗಿದಾರೆ. ಬೇರೆ ಕಡೆ."

"ಬೇರೆ ಕಡೆ ಅಂದ್ರೆ ಎಷ್ಟು ಬೇರೆ ಕಡೆ?"

"ಸುಮ್ನಿರಿ, ಬಿಪಿ ಏರುತ್ತೆ."

"ಏರ್ಲಿ ಬಿಡಿ. ಮೂವತ್ತು ವರ್ಷ ಕಂಡಕ್ಟರ್ ಆಗಿದ್ದೋನು ನಾನು. ಸೀಟಲ್ಲಿ ಚೀಲ ಇಟ್ಟು ಇಳಿದೋನು ವಾಪಸ್ ಬರ್ತಾನೋ ಇಲ್ವೋ ಅಂತ ಪಕ್ಕದೋನ ಮುಖ ನೋಡಿ ಹೇಳ್ತಿದ್ದೆ." ನನ್ನ ಮುಖ ನೋಡಿದರು. ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡು ಪಕ್ಕದ ಖಾಲಿ ಕುರ್ಚಿಯ ಕಡೆಗೆ ತಿರುಗದೆ ಚಾವಣಿ ನೋಡುತ್ತ ಮಲಗಿದರು.

ಆ ಕುರ್ಚಿಗಳಲ್ಲಿ ಕೂರುವವರಿಗೆಲ್ಲ ಗೊತ್ತಾಗುತ್ತದೆ. ನಾವು ಮುಚ್ಚಿಟ್ಟೆವೆಂದು ನಾವೇ ಅಂದುಕೊಳ್ಳಬೇಕು.

ದೊಡ್ಡಕ್ಕ ಬೋರ್ಡ್ ನೋಡಿ, "ಏನಂತೆ ಅವರಿಗೆ?" ಎಂದರು. "ಉಸಿರಾಟದ ತೊಂದ್ರೆಯಂತೆ," ಎಂದೆ. ಸುಳ್ಳಿಗೂ ಒಂದು ಕಾಯಿಲೆ ಹುಡುಕಿಕೊಟ್ಟೆ. ಹತ್ತಕ್ಕೆ ಆ ತಾಯಿಯ ಫೋನಿಗೆ ಮತ್ತೆ ಇಲ್ಲ ಎಂದೆ. ನಿನ್ನೆಯ ಸುಳ್ಳಿಗೆ ಒಂದು ದಿನ ಎಂಬ ನೆಪವಿತ್ತು. ಇವತ್ತು ಯಾವುದೂ ಇರಲಿಲ್ಲ. ಈಗ ಒರೆಸಿದರೆ ನಿನ್ನೆ ಯಾಕೆ ಒರೆಸಲಿಲ್ಲ ಎಂದು ಕೇಳುತ್ತಾರೆ ಎಂಬ ಭಯವೂ ಸೇರಿಕೊಂಡಿತು. ದುಃಖ ಎಲ್ಲಿ ಮುಗಿದು ಭಯ ಎಲ್ಲಿ ಶುರುವಾಯಿತೋ ನನಗೆ ಇವತ್ತಿಗೂ ತಿಳಿಯದು. ಆ ನಾಲ್ಕು ಗಂಟೆಯೂ ನಾನು ಆರನೇ ಕುರ್ಚಿಯ ಮುಂದೆ ಹಾದುಹೋಗುವಾಗ ಬದಿಗೆ ಸರಿದು ನಡೆಯುತ್ತಿದ್ದೆ, ಯಾರದೋ ಕಾಲು ಚಾಚಿಕೊಂಡಿದೆ ಎಂಬಂತೆ.

ಶುಕ್ರವಾರದ ಫೋನಿನಲ್ಲಿ ಆ ತಾಯಿ ನಗಲಿಲ್ಲ. "ನಿನ್ನೆ ಅಲ್ಲಿ ಮಿಷನ್ ಕೆಟ್ಟಿತ್ತು ಮೇಡಂ. ಎರಡು ಬಸ್ ಹತ್ತಿ ಹೋಗಿ ಹಂಗೇ ವಾಪಸ್ ಬಂದ್ವಿ. ಸೋಮವಾರ ಬನ್ನಿ ಅಂದ್ರು. ಕಾಲು ಊದಿದೆ, ಚಪ್ಪಲಿ ಹಿಡೀತಿಲ್ಲ. ಮಲಗೋಕೆ ಆಗ್ತಿಲ್ಲ ಅಂತ ಗೋಡೆಗೆ ಒರಗಿ ಕೂತೇ ಇದಾಳೆ. ಇದು ಹೀಗೇ ಆಗುತ್ತಾ?"

ಮಲಗಲು ಆಗುತ್ತಿಲ್ಲ ಎಂದರೆ ನೀರು ಶ್ವಾಸಕೋಶಕ್ಕೆ ಏರಿದೆ ಎಂದೇ ಅರ್ಥ. ಕಲಿಯಲು ಬಂದ ಹುಡುಗಿಯರಿಗೂ ನಾನು ಮೊದಲು ಹೇಳಿಕೊಡುವುದು ಇದನ್ನೇ. ಆಗಲೇ ಎರಡನೇ ಕುರ್ಚಿಯ ಮಿಷನ್ನಿನ ಅಲಾರಂ ಕೂಗತೊಡಗಿತು. "ಉಸಿರು ಕಟ್ಟಿದ್ರೆ ತಡ ಮಾಡ್ದೆ ಎಮರ್ಜೆನ್ಸಿಗೆ ಕರ್ಕೊಂಡು ಬನ್ನಿ ಅಮ್ಮಾ," ಎಂದು ಎಲ್ಲರಿಗೂ ಹೇಳುವ ಮಾತನ್ನೇ ಹೇಳಿ ಫೋನ್ ಇಟ್ಟು ಓಡಿದೆ. ಮಿಷನ್ ಸರಿ ಮಾಡಿ ನಿಂತು ಲೆಕ್ಕ ಹಾಕಿದೆ. ಸೋಮವಾರದಿಂದ ಆ ಹುಡುಗಿಗೆ ಡಯಾಲಿಸಿಸ್ ಆಗಿಲ್ಲ. ಬುಧವಾರ ನಾನು ನಿಯಮದಂತೆ ಫೋನ್ ಮಾಡಿದ್ದರೆ ಗುರುವಾರ ಬೆಳಿಗ್ಗೆ ಅವಳು ನಮ್ಮ ಆರನೇ ಕುರ್ಚಿಯಲ್ಲಿ ಕೂತಿರುತ್ತಿದ್ದಳು. ಇಷ್ಟು ಗೊತ್ತಾದ ಮೇಲೂ ನಾನು ತಕ್ಷಣ ವಾಪಸ್ ಫೋನ್ ಮಾಡಲಿಲ್ಲ. ದೊಡ್ಡಕ್ಕ ಅಂದು ರಜೆ. ಅವರಿಗೆ ಹೇಳದೆ ಹೇಗೆ ಮಾಡುವುದು ಎಂದುಕೊಂಡೆ. ಇನ್ನೂ ಒಂದು ನೆಪ.

ಸಂಜೆ ಮನೆಗೆ ಬಂದಾಗ ಜ್ವರ ಬಿಟ್ಟ ಗುಬ್ಬಿ ಬೀರುವಿನ ಬಟ್ಟೆಯನ್ನೆಲ್ಲ ಕೆಳಗೆ ಎಳೆದು ಹಾಕಿ ಲಂಗ ತೊಟ್ಟು ನಿಂತಿದ್ದಳು.

"ಅಮ್ಮಾ, ನೋಡು, ಮೊಣಕಾಲು ಕಾಣುತ್ತೆ. ದರ್ಜಿ ಮಾಮಂಗೆ ಕೊಡು."

"ಆಮೇಲೆ ಕೊಡೋಣ."

"ನಾಳೆ ಶನಿವಾರ ಅಲ್ವಾ? ಬರ್ತಾರಲ್ಲ?"

"ಅವರು ಊರಿಗೆ ಹೋಗಿದಾರೆ ಪುಟ್ಟಾ."

ಅವಳು ಲಂಗ ಹಿಡಿದುಕೊಂಡೇ ಯೋಚಿಸಿದಳು. "ಅವರು ಊರಿಗೆ ಹೋಗೋಕಾಗಲ್ಲ ಅಲ್ವಾ? ಒಂದು ದಿನ ಬಿಟ್ಟು ಒಂದು ದಿನ ರಕ್ತ ತೊಳೀಬೇಕು ಅಂತ ನೀನೇ ಹೇಳಿದ್ದೆ. ತೊಳೀದಿದ್ರೆ ಸತ್ತೋಗ್ತಾರೆ ಅಂದಿದ್ದೆ."

ನಾನು ಕೆಳಗೆ ಬಿದ್ದ ಬಟ್ಟೆ ಮಡಚಲು ಕೂತೆ.

"ಅಮ್ಮಾ. ಸತ್ತೋದ್ರಾ?"

"ಹೂಂ."

"ಮತ್ತೆ ಊರಿಗೆ ಅಂದೆ?"

ಅವಳಿಗೆ ಕೋಪ ಬಂದಿತ್ತು, ಅಳುವಿಗಿಂತ ಮೊದಲು. ದರ್ಜಿ ಮಾಮ ಸತ್ತದ್ದಕ್ಕೆ ಅಲ್ಲ, ನಾನು ಅವಳಿಗೆ ಊರಿಗೆ ಎಂದದ್ದಕ್ಕೆ. ಊಟಕ್ಕೆ ಕರೆದರೂ ಬರಲಿಲ್ಲ. ಗೋಡೆಯ ಕಡೆ ತಿರುಗಿ, "ನೀನು ಹೇಳೋದು ಯಾವುದು ನಿಜ ಅಂತ ನನಗೆ ಹೇಗೆ ಗೊತ್ತಾಗುತ್ತೆ?" ಎಂದಳು.

ಶನಿವಾರ ನಾನು ಪಾಳಿಗೆ ಒಂದು ಗಂಟೆ ಮೊದಲೇ ಹೋದೆ. ಬಾಗಿಲು ತೆಗೆದು, ದೀಪ ಹಾಕಿ, ಮೊದಲು ಆ ತಾಯಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಎತ್ತುತ್ತಾರೆ ಎಂದುಕೊಂಡು ಆರನೇ ಮಿಷನ್ ಹಾಕಿದೆ, ಹೊಸ ಕೊಳವೆ ಜೋಡಿಸಿದೆ, ಸಲೈನ್ ಹಾಯಿಸಿ ಗಾಳಿಗುಳ್ಳೆ ಹೊರಗೆ ತೆಗೆದೆ, ಕುರ್ಚಿಗೆ ಶೀಟ್ ಹಾಸಿದೆ. ಐದು ಸಲ ಫೋನ್ ಮಾಡಿದೆ. ಎಂಟಾಯಿತು. ಒಂಬತ್ತು ಜನ ಬಂದರು, ಸೂಜಿ ಚುಚ್ಚಿದ್ದಾಯಿತು. ದೊಡ್ಡಕ್ಕ ಬಂದರು. ಆರನೇ ಮಿಷನ್ ಸಿದ್ಧವಾಗಿರುವುದನ್ನು ನೋಡಿ, "ಮೂರು ಕಿಲೋ ಬರ್ತಿದಾರಾ?" ಎಂದು ಮುಖ ಅರಳಿಸಿ ಕೇಳಿದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಎಮರ್ಜೆನ್ಸಿಯ ಡಾಕ್ಟರ್ ಫೋನ್ ಬಂತು. "ಒಂದು ಹುಡುಗಿ, ನಿಮ್ಮ ಕಾಯೋ ಪಟ್ಟೀಲಿ ಮೊದಲನೇ ಹೆಸರಂತೆ. ಲಂಗ್ಸ್ ಪೂರ್ತಿ ನೀರು. ಮಿಷನ್ ಖಾಲಿ ಇದೆಯಾ?"

"ಆರು ಖಾಲಿ ಇದೆ," ಎಂದೆ. "ರೆಡಿ ಇದೆ, ಕಳಿಸಿ."

ದೊಡ್ಡಕ್ಕ ನನ್ನನ್ನೇ ನೋಡುತ್ತಿದ್ದರು.

"ಅವರು ಬರಲ್ಲ ಅಕ್ಕಾ. ಮಂಗಳವಾರ ರಾತ್ರೀನೇ ಹೋದ್ರು. ಬುಧವಾರ ಫೋನ್ ಬಂತು, ನಾನೇ ಎತ್ತಿದ್ದು. ಮಂಗಳವಾರ ನಾನು ಅವರಿಗೆ ಒಂದು ಮಾತು ಅಂದಿದ್ದೆ. ಒರೆಸೋಕೆ ಆಗ್ಲಿಲ್ಲ. ಈಗ ಬರ್ತಿರೋಳು ಪಟ್ಟೀಲಿ ಮೊದಲನೆಯೋಳು."

ದೊಡ್ಡಕ್ಕ ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಗೋಡೆಗೆ ಕೈ ಊರಿ ನಿಂತರು. ಅರವತ್ತರ ಹತ್ತಿರದ ಹೆಂಗಸು ಎಂದು ನನಗೆ ಮೊದಲ ಸಲ ಕಂಡಿತು. "ನನ್ನ ಕೋಟಿನ ಗುಂಡಿ ಎಲ್ಲ ಅವನದೇ," ಎಂದರು. ಆಮೇಲೆ ದನಿ ಗಟ್ಟಿ ಮಾಡಿಕೊಂಡು, "ಒರೆಸು. ಟ್ರಾಲಿ ಬರೋದ್ರೊಳಗೆ ಒರೆಸು. ಇದನ್ನ ನಾನು ಮೇಲಿನೋರಿಗೆ ಬರೀಲೇಬೇಕು."

"ಬರೀರಿ ಅಕ್ಕಾ."

ಒರೆಸಿದೆ. ನಾಲ್ಕು ದಿನ ಇದ್ದ ‘ಬೇರೆ ಕಡೆ’ ಸುಲಭವಾಗಿ ಹೋಯಿತು. ಆರು ವರ್ಷ ಇದ್ದ ಹೆಸರು ಹೋಗಲಿಲ್ಲ, ಸ್ಪಿರಿಟ್ ಹಚ್ಚಿ ಉಜ್ಜಬೇಕಾಯಿತು. ಐದನೇ ಕುರ್ಚಿಯ ಕಂಡಕ್ಟರ್ ಕಣ್ಣು ಮುಚ್ಚಿದರು.

ಟ್ರಾಲಿಯ ಮೇಲೆ ಹುಡುಗಿ ಕೂತೇ ಬಂದಳು, ಮುಖದ ಮೇಲೆ ಆಕ್ಸಿಜನ್ ಮಾಸ್ಕ್, ತುಟಿ ನೀಲಿ. ಒಂದೊಂದು ಉಸಿರಿಗೂ ಭುಜ ಕಿವಿಯವರೆಗೆ ಏರುತ್ತಿತ್ತು. ಹಿಂದೆ ಬಂದ ತಾಯಿ ನಾನು ದನಿಯಿಂದ ಊಹಿಸಿಕೊಂಡಂತೆ ದಪ್ಪಗಿರಲಿಲ್ಲ. ಕಡ್ಡಿಯಂತೆ ಸಣ್ಣಗೆ, ಒಂದು ಕಾಲಿನಲ್ಲಿ ಮಾತ್ರ ಚಪ್ಪಲಿ. ನಾವು ನಾಲ್ಕು ಜನ ಸೇರಿ ಹುಡುಗಿಯನ್ನು ಆರನೇ ಕುರ್ಚಿಗೆ ಸಾಗಿಸಿದೆವು. ಕೈ ನಡುಗದೆ ಸೂಜಿ ಚುಚ್ಚಿದೆ. ಅದು ಹೇಗೆ ಸಾಧ್ಯವಾಯಿತೋ, ಹನ್ನೊಂದು ವರ್ಷದ ಅಭ್ಯಾಸವಿರಬೇಕು, ಕೈಗೆ ಮನಸ್ಸಿನ ಅಪ್ಪಣೆ ಬೇಕಿರಲಿಲ್ಲ. ಮಿಷನ್ ತಿರುಗಿತು. ನಾನು ಅವಳ ಬೆರಳಿಗೆ ಸಿಕ್ಕಿಸಿದ ಕ್ಲಿಪ್ಪು ತೋರಿಸುವ ಆಕ್ಸಿಜನ್ ಅಂಕಿಯನ್ನು ನೋಡುತ್ತ ಪಕ್ಕದಲ್ಲೇ ನಿಂತೆ. ಎಪ್ಪತ್ತೆಂಟು. ಎಂಬತ್ತು. ಮತ್ತೆ ಎಪ್ಪತ್ತಾರು. ಡಾಕ್ಟರ್ ಬಂದರು, ಹೋದರು, ಮತ್ತೆ ಬಂದರು. ಎಂಬತ್ತಮೂರು. ಒಂದು ಗಂಟೆ ಕಳೆದ ಮೇಲೆ ತೊಂಬತ್ತು ತೋರಿಸಿತು. ಹುಡುಗಿಯ ಭುಜ ಇಳಿಯಿತು.

ಆಗ ತಾಯಿ ನನ್ನ ದನಿ ಗುರುತು ಹಿಡಿದರು. "ನೀವೇನಾ? ಫೋನಲ್ಲಿ?"

"ಹೌದಮ್ಮಾ."

ಹುಡುಗಿ ಮಾಸ್ಕಿನ ಒಳಗಿನಿಂದ, ಒಂದೊಂದೇ ಮಾತು ಬಿಡಿಸಿ, "ದಿನಾ... ಇವಳ ಕಾಟ... ಇವರಿಗೇನಾ? ಪಾಪ," ಎಂದಳು.

"ಸುಮ್ನಿರೇ, ಉಸಿರಿಲ್ಲ ಅಂದ್ರೂ ನಾಲಿಗೆಗೆ ರಜೆ ಇಲ್ಲ," ಎಂದು ತಾಯಿ ಗದರಿಸಿ ನನ್ನ ಎರಡೂ ಕೈ ಹಿಡಿದುಕೊಂಡರು. "ಎಲ್ಲ ರೆಡಿ ಮಾಡಿ ಇಟ್ಟಿದ್ರಿ. ಬರೋದೇ ತಡ ಅನ್ನೋ ಹಂಗೆ. ಒಂದು ಕುರ್ಚಿ ಖಾಲಿ ಇತ್ತಲ್ಲ ಇವತ್ತು, ನಮ್ಮ ಅದೃಷ್ಟ. ನಿಮ್ಮ ಋಣ ಹೇಗೆ ತೀರಿಸ್ಲಿ?"

ಆಚೆ ನಿಂತಿದ್ದ ದೊಡ್ಡಕ್ಕ ನನಗೆ ಕಣ್ಣಿನಲ್ಲೇ ಬೇಡ ಎಂದರು. ಆಮೇಲೆ ಹತ್ತಿರ ಬಂದು ಕಿವಿಯಲ್ಲಿ, "ಹೇಳೋದಿದ್ರೆ ಮೇಲಿನೋರು ಹೇಳ್ತಾರೆ. ಈಗ ನೀನು ಬಾಯಿ ಮುಚ್ಕೊಂಡಿರು," ಎಂದರು. ಅವರ ಮಾತು ಸರಿಯೇ. ಆದರೆ ಆ ಹೆಂಗಸು ನನ್ನ ಕೈ ಬಿಟ್ಟಿರಲಿಲ್ಲ.

ಅವರನ್ನು ಹೊರಗಿನ ಬೆಂಚಿಗೆ ಕರೆದುಕೊಂಡು ಹೋಗಿ ಕೂರಿಸಿದೆ. "ಅಮ್ಮಾ, ಈ ಕುರ್ಚಿ ಇವತ್ತು ಖಾಲಿ ಆಗಿದ್ದಲ್ಲ. ಬುಧವಾರಾನೇ ಆಗಿತ್ತು. ನೀವು ಹತ್ತು ಗಂಟೆಗೆ ಫೋನ್ ಮಾಡಿದಾಗ ಖಾಲಿ ಇತ್ತು. ಗುರುವಾರ ಇಡೀ ಬೆಳಿಗ್ಗೆ ಯಾರೂ ಕೂರದೆ ಇತ್ತು. ನಾನು ಸುಳ್ಳು ಹೇಳಿದೆ."

ಅವರಿಗೆ ಅರ್ಥವಾಗಲಿಲ್ಲ. "ಬೇರೆ ಯಾರಿಗಾದ್ರೂ ಕೊಡ್ಬೇಕಿತ್ತಾ?"

"ಇಲ್ಲ. ನಿಮಗೇ ಬರ್ಬೇಕಿತ್ತು. ಅಲ್ಲಿ ಕೂರ್ತಿದ್ದೋರು ತೀರ್ಕೊಂಡ್ರು. ಆರು ವರ್ಷ ನೋಡ್ಕೊಂಡಿದ್ದೆ ಅವರನ್ನ. ಕೊನೇ ದಿನ ಅವರಿಗೆ ಕೆಟ್ಟ ಮಾತು ಅಂದಿದ್ದೆ, ಕುರ್ಚಿಗೆ ಜನ ಕಾಯ್ತಿದಾರೆ ಅಂತ. ಆಮೇಲೆ ಅದನ್ನ ಇನ್ನೊಬ್ಬರಿಗೆ ಕೊಡೋಕೆ ಕೈ ಬರ್ಲಿಲ್ಲ."

ಅವರು ಬೆರಳು ಮಡಚಿದರು. ಬುಧವಾರ, ಗುರುವಾರ, ಶುಕ್ರವಾರ. ಮೂರು ಬೆರಳು ಮಡಚಿ ಅದನ್ನೇ ನೋಡುತ್ತ ಕೂತರು.

"ಶುಕ್ರವಾರ ನಾನು ಕೇಳ್ದೆ," ಎಂದರು. "ಗೋಡೆಗೆ ಒರಗಿ ಕೂತಿದಾಳೆ, ಹೀಗೇ ಆಗುತ್ತಾ ಅಂತ ಕೇಳ್ದೆ."

"ಹೌದು."

"ರಾತ್ರಿಯೆಲ್ಲ ಅವಳ ಬೆನ್ನಿಗೆ ನನ್ನ ಬೆನ್ನು ಕೊಟ್ಟು ಕೂತಿದ್ದೆ. ಬಸ್ ಬರೋವರೆಗೂ."

ಒಳಗೆ ಮಿಷನ್‌ಗಳ ಸದ್ದು ಕೇಳುತ್ತಿತ್ತು.

"ಯಾಕೆ ಹೇಳಿದ್ರಿ ನನಗೆ?" ಎಂದರು ಅವರು. ದನಿ ಏರಲಿಲ್ಲ, ಅದೇ ಕಷ್ಟವಾಯಿತು. "ಹೇಳದೆ ಇದ್ದಿದ್ರೆ ನಿಮ್ಮ ಹೆಸರು ಹೇಳ್ಕೊಂಡು ದೀಪ ಹಚ್ತಿದ್ದೆ. ವಾರಕ್ಕೆ ಮೂರು ದಿನ ಇನ್ನು ಇಲ್ಲಿಗೇ ಬರ್ಬೇಕು ನಾವು. ನಿಮ್ಮ ಕೈಯಿಂದಲೇ ಸೂಜಿ ಚುಚ್ಚಿಸ್ಕೋಬೇಕು ಅವಳು. ಈಗ ನಾನು ನಿಮ್ಮ ಮುಖ ಹೇಗೆ ನೋಡ್ಲಿ?"

ಕ್ಷಮಿಸಿ ಎನ್ನಬೇಕೆಂದು ಬಾಯಿವರೆಗೆ ಬಂತು. ಆ ಮಾತು ಕೇಳಿಸಿಕೊಂಡರೆ ಅವರು ನನಗೆ ಏನಾದರೂ ಹೇಳಲೇಬೇಕಾಗುತ್ತದೆ. ಅದನ್ನೂ ಅವರ ತಲೆಯ ಮೇಲೆ ಹೊರಿಸುವುದು ಬೇಡವೆನಿಸಿತು. "ನಿಮಗೆ ಬೇಡ ಅಂದ್ರೆ ಬೇರೆಯೋರು ಚುಚ್ತಾರೆ. ನಾನು ಆ ಕಡೆಗೇ ಬರಲ್ಲ," ಎಂದೆ.

ಅವರು ಚಪ್ಪಲಿಯಿಲ್ಲದ ಕಾಲನ್ನು ಬೆಂಚಿನಡಿಗೆ ಎಳೆದುಕೊಂಡರು.

ಒಳಗಿನಿಂದ ಕೂಗು ಬಂತು. ಹುಡುಗಿಯದೇ. ಇಬ್ಬರೂ ಒಟ್ಟಿಗೆ ಎದ್ದು ಓಡಿದೆವು. ಗಾಬರಿಯ ಸಂಗತಿಯಲ್ಲ, ಒಂದೇ ಸಮನೆ ಅಷ್ಟು ನೀರು ಎಳೆದಾಗ ಮೀನಖಂಡ ಹಿಡಿದುಕೊಳ್ಳುತ್ತದೆ. ಆದರೆ ನೋವು ಭಯಂಕರ. ಎರಡು ಕಾಲೂ ಕಲ್ಲಿನಂತೆ ಸೆಟೆದಿದ್ದವು, ಹುಡುಗಿ ತಲೆ ಅತ್ತಿತ್ತ ಹೊರಳಿಸುತ್ತಿದ್ದಳು. ದೊಡ್ಡಕ್ಕ ಮಿಷನ್ ನಿಧಾನ ಮಾಡುತ್ತಿದ್ದರು. ಉಳಿದವರು ಎಂಟನೇ ಕುರ್ಚಿಯ ಹತ್ತಿರ ಇನ್ನೊಬ್ಬರನ್ನು ನೋಡಿಕೊಳ್ಳುತ್ತಿದ್ದರು. ಕಾಲಿನ ಬಳಿ ಯಾರೂ ಇರಲಿಲ್ಲ.

ನಾನು ನಿಂತೆ. ಆ ಕಡೆಗೇ ಬರಲ್ಲ ಎಂದು ಈಗಷ್ಟೇ ಹೇಳಿದ್ದೆ.

ತಾಯಿ ಎಡಗಾಲನ್ನು ಹಿಡಿದು ಉಜ್ಜತೊಡಗಿದರು. ಉಜ್ಜಿದರೆ ಬಿಡುವುದಿಲ್ಲ, ಬೆರಳನ್ನು ಹಿಡಿದು ಪಾದವನ್ನು ಮೊಣಕಾಲಿನ ಕಡೆಗೆ ಒತ್ತಿ ಹಿಡಿಯಬೇಕು. ಅವರಿಗೆ ಅದು ಗೊತ್ತಿರಲಿಲ್ಲ. ಹುಡುಗಿ ಇನ್ನೊಮ್ಮೆ ಕಿರುಚಿದಳು. ನಾನು ಬಲಗಾಲಿನ ಬಳಿ ಮೊಣಕಾಲೂರಿ ಪಾದವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದೆ. ತಾಯಿ ನನ್ನ ಕೈಯನ್ನು ನೋಡಿ ತಾವೂ ಹಾಗೆಯೇ ಹಿಡಿದರು. ನಮ್ಮಿಬ್ಬರ ತಲೆ ಒಂದು ಗೇಣು ದೂರದಲ್ಲಿತ್ತು. ಅಂಗೈ ಅಡಿಯಲ್ಲಿ ಊದಿದ ಪಾದ ತಣ್ಣಗಿತ್ತು, ಒತ್ತಿದಲ್ಲಿ ಬೆರಳಿನ ಗುಳಿ ಹಾಗೇ ಉಳಿಯುತ್ತಿತ್ತು. ನಾಲ್ಕು ದಿನದಿಂದ ಎಲ್ಲಿತ್ತೋ ಗೊತ್ತಿಲ್ಲ, ಆಗ ಅಳು ಬಂತು. ಸ್ಟೋರ್ ರೂಮಿನ ಐದು ನಿಮಿಷದ ಅಳುವಲ್ಲ. ಕೈ ಬಿಟ್ಟು ಮುಖ ಒರೆಸಿಕೊಳ್ಳುವಂತೆಯೂ ಇರಲಿಲ್ಲ. ಮೂಗಿನ ತುದಿಯಿಂದ ಶೀಟಿನ ಮೇಲೆ ಹನಿಯುತ್ತಿತ್ತು.

ತಾಯಿ ನೋಡಿದರು. ಸಮಾಧಾನ ಹೇಳಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ.

"ನಿಮ್ಮ ಕಡೆ ಇನ್ನೂ ಸೆಟೆದೇ ಇದೆ," ಎಂದರು. "ಗಟ್ಟಿಯಾಗಿ ಹಿಡೀರಿ."

ನಾನು ಗಟ್ಟಿಯಾಗಿ ಹಿಡಿದೆ.